ಒಸಡಿನೊಳಗೇ ಉಳಿದ ಕೋರೆಹಲ್ಲು

"ಹಲ್ಲಿಗೆ ಕ್ಲಿಪ್ ಹಾಕಿಸೋಕೆ ಹೋದ್ರೆ ಮೊದಲು ಆಪರೇಷನ್ ಅಂತಾರೆ, ಎಲ್ಲಾ ದುಡ್ಡು ಮಾಡೋ ದಾರಿ" ಅನ್ನುವ ಮಾತು ನೆಂಟರಿಷ್ಟರ ನಡುವೆ ಜಾಸ್ತಿ ಕೇಳಿಬರುತ್ತಿದೆ. ನಾನು ಒಪ್ಪುವುದಿಲ್ಲ. ಒಸಡಿನೊಳಗೆ ಸಿಕ್ಕಿಕೊಂಡ ಕೋರೆಹಲ್ಲನ್ನು ಹೊರಗೆ ಎಳೆಯಲು ಮಾಡುವ ಈ ಆಪರೇಷನ್ ನನ್ನ ಮಗಳಿಗೂ ಆಗಿದೆ.

ಮೇಲಿನ ಕೋರೆಹಲ್ಲು ಸಾಮಾನ್ಯವಾಗಿ 11-12 ವರ್ಷಕ್ಕೆ ಬರಬೇಕು. ಕೆಲವು ಮಕ್ಕಳಲ್ಲಿ ಅದು ದಾರಿ ತಪ್ಪಿ ಅಂಗುಳದ ಕಡೆ ಓರೆಯಾಗಿ ಮಲಗಿಬಿಡುತ್ತದೆ. ಹೊರಗೆ ಹಾಲುಹಲ್ಲು ಬೀಳದೆ ಗಟ್ಟಿಯಾಗಿ ಕೂತಿರುತ್ತದೆ, ನೋವೂ ಇರುವುದಿಲ್ಲ, ಹಾಗಾಗಿ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಆದರೆ ಒಳಗಿರುವ ಹಲ್ಲು ಪಕ್ಕದ ಹಲ್ಲಿನ ಬೇರನ್ನೇ ಸವೆಸಿಬಿಡಬಹುದು.

ಅಂಥ ಹಲ್ಲನ್ನು ತಂತಿ ಕಟ್ಟಿ ಎಳೆಯಬೇಕಾದರೆ ಮೊದಲು ಅದು ಕೈಗೆ ಸಿಗಬೇಕು, ಅಲ್ವಾ? ಕೆಲವರಿಗೆ ಜಾಗ ಮಾಡಲು ಕ್ಲಿಪ್ಪೇ ಮೊದಲು. ಮಗಳಿಗೆ ಜಾಗ ಇತ್ತು, ಆಪರೇಷನ್ ಮೊದಲಾಯಿತು. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಒಸಡು ಬಿಡಿಸಿ, ಹಲ್ಲನ್ನು ಮುಚ್ಚಿದ ಮೂಳೆಯನ್ನು ಸ್ವಲ್ಪ ತೆಗೆದು, ಹಲ್ಲಿಗೆ ಒಂದು ಪುಟ್ಟ ಕೊಂಡಿ ಅಂಟಿಸಿದರು. ಕೊಂಡಿಗೆ ಸಣ್ಣ ಸರಪಳಿ. ಒಸಡು ಹೊಲಿದ ಮೇಲೆ ಸರಪಳಿಯ ತುದಿ ಮಾತ್ರ ಹೊರಗೆ ಕಾಣುತ್ತಿತ್ತು. ಆಮೇಲೆ ಅದನ್ನು ತಂತಿಗೆ ಕಟ್ಟಿ ಮೆಲ್ಲಗೆ ಎಳೆಯುತ್ತಾರೆ, ತಿಂಗಳುಗಟ್ಟಲೆ. ಕೆನ್ನೆ ಊದಿಕೊಂಡಿತ್ತು, ಕೆಲವು ದಿನ ಗಂಜಿ, ಮೊಸರನ್ನ. ಅಷ್ಟೇ.

"ಮೇಲಿನ ಹಲ್ಲಿಗೆ ಕೈ ಹಾಕಿದ್ರೆ ಕಣ್ಣಿಗೆ ತೊಂದರೆ ಆಗುತ್ತಮ್ಮ" ಅಂತ ನಮ್ಮತ್ತೆ ತುಂಬಾ ಹೆದರಿದ್ದರು. ಎಷ್ಟೋ ಮನೆಯಲ್ಲಿ ಈ ಭಯ ಇದೆ. ದೃಷ್ಟಿಯ ನರವೇ ಬೇರೆ, ಹಲ್ಲಿನ ನರವೇ ಬೇರೆ.

ನನಗೆ ಸಿಟ್ಟು ಬಂದಿದ್ದು ಇದಕ್ಕೂ ಮೊದಲು ಹೋದ ಕ್ಲಿನಿಕ್ಕಿನಲ್ಲಿ. ಎಕ್ಸ್‌ರೇಯನ್ನು ಸರಿಯಾಗಿ ನೋಡುವ ಮೊದಲೇ "ಕಿತ್ತುಬಿಡೋಣ, ಬೇಗ ಮುಗಿಯುತ್ತೆ" ಅಂದರು. ಬಾಯಲ್ಲಿ ಎಲ್ಲಕ್ಕಿಂತ ಉದ್ದದ ಬೇರಿರುವ ಹಲ್ಲು ಅದು! ತೀರಾ ಅಡ್ಡ ಮಲಗಿದ್ದರೆ, ಮೂಳೆಗೇ ಅಂಟಿಕೊಂಡಿದ್ದರೆ ಕೀಳಬೇಕಾಗಬಹುದು, ಸರಿ. ಆದರೆ ಉಳಿಸಿಕೊಳ್ಳಬಹುದಾದ ಹಲ್ಲನ್ನು ಬೇಗ ಮುಗಿಯಲಿ ಅಂತ ಕೀಳುವುದು ಯಾವ ನ್ಯಾಯ? ಯಾಕೆ ಕೀಳಬೇಕು ಅಂತ ಎಕ್ಸ್‌ರೇ ಮುಂದಿಟ್ಟು ಕೇಳಿ. ಹೇಳದಿದ್ದರೆ ಎದ್ದು ಬನ್ನಿ, ಇನ್ನೊಬ್ಬ ಡಾಕ್ಟರಿಗೆ ತೋರಿಸಿ.

ಇನ್ನೊಂದು ವಿಷಯ. 9-10 ವರ್ಷಕ್ಕೇ ಕೋರೆಹಲ್ಲಿನ ಜಾಗದಲ್ಲಿರುವ ಹಾಲುಹಲ್ಲಿನ ಮೇಲಿನ ಒಸಡನ್ನು ಬೆರಳಲ್ಲಿ ಒತ್ತಿ ನೋಡಿದರೆ ಕೋರೆಹಲ್ಲಿನ ಉಬ್ಬು ಸಿಗುತ್ತದೆ. ಒಂದು ಕಡೆ ಸಿಕ್ಕಿ ಇನ್ನೊಂದು ಕಡೆ ಸಿಗದಿದ್ದರೆ ಬೇಸಿಗೆ ರಜೆಗೆ ಕಾಯಬೇಡಿ, ದಂತವೈದ್ಯರಿಗೆ ತೋರಿಸಿ. ಸಮಯಕ್ಕೆ ಸರಿಯಾಗಿ ಆ ಹಾಲುಹಲ್ಲನ್ನು ತೆಗೆಸಿದರೆ ಎಷ್ಟೋ ಮಕ್ಕಳಲ್ಲಿ ಕೋರೆಹಲ್ಲು ತಾನೇ ದಾರಿಗೆ ಬರುತ್ತದೆ, ಈ ಆಪರೇಷನ್ನೇ ಬೇಕಾಗುವುದಿಲ್ಲ.