ಲಿಖಿತ ಒಪ್ಪಿಗೆ ಕೊಡಿ ಸ್ವಾಮಿ

ಮಹಾರಾಷ್ಟ್ರ ಸರ್ಕಾರಕ್ಕೆ ದುಡಿಯುವವರ ಮೇಲೆ ಭಾರಿ ಅಕ್ಕರೆ. 2025ರ ಸೆಪ್ಟೆಂಬರ್‌ನಲ್ಲಿ ಸಂಪುಟ ಸೇರಿ, ಕಾರ್ಖಾನೆಗಳಲ್ಲಿ ದಿನದ ದುಡಿಮೆಯನ್ನು 9 ಗಂಟೆಯಿಂದ 12ಕ್ಕೆ, ಅಂಗಡಿ-ಆಫೀಸುಗಳಲ್ಲಿ 9ರಿಂದ 10ಕ್ಕೆ ಏರಿಸಲು ಒಪ್ಪಿಬಿಟ್ಟಿತಲ್ಲ. ಇದರಿಂದ ಬಂಡವಾಳ ಬರುತ್ತದಂತೆ, ಉದ್ಯೋಗ ಹೆಚ್ಚುತ್ತದಂತೆ, ಜೊತೆಗೆ ಕಾರ್ಮಿಕರ ಹಕ್ಕಿನ ರಕ್ಷಣೆಯೂ ಆಗುತ್ತದಂತೆ. ಮೂರನೆಯದನ್ನು ಓದುವಾಗ ಚಹಾ ನೆತ್ತಿಗೇರಿತು. ವಾರದ ಮಿತಿ 48 ಗಂಟೆ ಹಾಗೇ ಇದೆ, ಮೀರಿದರೆ ಓವರ್‌ಟೈಮ್ ಉಂಟು ಎಂದು ಸಮಾಧಾನ ಹೇಳುತ್ತಾರೆ. ಕಾರ್ಖಾನೆಗಳಲ್ಲಿ ಆ ಓವರ್‌ಟೈಮ್ ಮಿತಿಯೂ ಮೂರು ತಿಂಗಳಿಗೆ 115 ಗಂಟೆ ಇದ್ದದ್ದು 144 ಆಗಿದೆ. ಇರಲಿ ಬಿಡಿ. ನನಗೆ ಮೆಚ್ಚುಗೆಯಾದದ್ದು ಇನ್ನೊಂದು ಷರತ್ತು. ಇದಕ್ಕೆಲ್ಲ ಕಾರ್ಮಿಕನ ಲಿಖಿತ ಒಪ್ಪಿಗೆ ಬೇಕಂತೆ!

ಎಷ್ಟು ಚಂದ ಅಲ್ವಾ? ಸೂಪರ್‌ವೈಸರ್ ಕಾಗದ ಹಿಡಿದು ಬರುತ್ತಾನೆ. "ನೋಡಪ್ಪಾ, ಬಲವಂತ ಏನಿಲ್ಲ." ಮುಂದಿನ ತಿಂಗಳು ಕಾಂಟ್ರಾಕ್ಟ್ ಮುಗಿಯಲಿರುವ ಹುಡುಗ, "ಇಲ್ಲ ಸಾರ್, ಸಂಜೆ ಮಗಳ ಹೋಂವರ್ಕ್ ನೋಡಬೇಕು" ಅನ್ನುತ್ತಾನೆ. "ಅಯ್ಯೋ, ಮಗಳೇ ಮುಖ್ಯ, ಹೋಗಪ್ಪಾ" ಎಂದು ಸೂಪರ್‌ವೈಸರ್ ಬೆನ್ನು ತಟ್ಟುತ್ತಾನೆ. ಇಂಥ ಫ್ಯಾಕ್ಟರಿ ಎಲ್ಲಾದರೂ ಕಂಡರೆ ವಿಳಾಸ ಕೊಡಿ, ನಾನೂ ಅರ್ಜಿ ಹಾಕುತ್ತೇನೆ.

ಗಂಟೆ ಏರಿಸುವ ಈ ಹರಾಜು ಶುರುವಾಗಿ ಸುಮಾರು ದಿನವಾಯಿತು. 2023ರಲ್ಲಿ ನಮ್ಮ ನಾರಾಯಣಮೂರ್ತಿಯವರು ವಾರಕ್ಕೆ 70 ಎಂದು ಕೂಗಿದರು. 2025ರ ಜನವರಿಯಲ್ಲಿ ಎಲ್ ಆಂಡ್ ಟಿ ಅಧ್ಯಕ್ಷರ ಕೂಗು 90. ಭಾನುವಾರ ಮನೆಯಲ್ಲಿ ಕೂತು ಹೆಂಡತಿ ಮುಖ ಎಷ್ಟು ಹೊತ್ತು ನೋಡುತ್ತೀರಿ ಎಂಬ ಪ್ರಶ್ನೆ ಬೇರೆ. ಆ ಕಂಪನಿಯ ಹೆಡ್ ಆಫೀಸ್ ಇರುವುದು ಇದೇ ಮುಂಬಯಿಯ ಬಲಾರ್ಡ್ ಎಸ್ಟೇಟ್‌ನಲ್ಲಿ. ಇದೇ ಊರಲ್ಲಿ ನಾರಾಯಣ ಮೇಘಾಜಿ ಲೋಖಂಡೆ 1884ರಲ್ಲಿ ಗಿರಣಿ ಕೆಲಸಗಾರರ ಸಂಘ ಕಟ್ಟಿ, ಸಭೆ ಮೇಲೆ ಸಭೆ ಮಾಡಿ, 1890ರಲ್ಲಿ ಭಾನುವಾರದ ರಜೆ ಗಿಟ್ಟಿಸಿದ್ದರು. ಆ ಕಾಲದ ಗಿರಣಿ ಮಾಲೀಕರು ಎಷ್ಟೇ ಕಟುಕರಾದರೂ ಕೆಲಸಗಾರರ ಹೆಂಡತಿಯರ ಮುಖದ ತನಕ ಹೋಗಿರಲಿಕ್ಕಿಲ್ಲ.

ಹಾಗೆ ನೋಡಿದರೆ ನಮ್ಮ ಕಡೆಯವರಿಗೆ 12 ಗಂಟೆ ಯಾವ ಲೆಕ್ಕ? ಉಡುಪಿ, ಕುಂದಾಪುರದಿಂದ ಮೀಸೆ ಮೂಡುವ ಮೊದಲೇ ಮುಂಬಯಿಗೆ ಬಂದು, ಹೋಟೆಲಲ್ಲಿ ಗ್ಲಾಸು ತೊಳೆದು ಟೇಬಲ್ ಒರೆಸಿ, ರಾತ್ರಿ ಕನ್ನಡ ಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತಲೇ ಪಾಸಾದವರು ಎಷ್ಟೋ ಮಂದಿ. ಅವರಿಗೆ ಇಲ್ಲಿನ ಕನ್ನಡ ಸಂಘದ ವೇದಿಕೆಯಲ್ಲಿ ಶಾಲು, ಹಣ್ಣಿನ ಬುಟ್ಟಿ, "ಕಷ್ಟಪಟ್ಟು ಮೇಲೆ ಬಂದವರು" ಎಂಬ ಭಾಷಣ. ಸೊಂಟ ಹಿಡಿದುಕೊಂಡು ಊರಿಗೆ ವಾಪಸಾದವರಿಗೆ ಯಾರೂ ಶಾಲು ಹೊದಿಸಲಿಲ್ಲ. ನನಗೆ ಗೊತ್ತಿರುವ ಶೆಟ್ಟರೊಬ್ಬರು ಗಲ್ಲಾದಲ್ಲಿ ಕೂತು ಕೇಳುತ್ತಾರೆ: "ನಾವು ಹದಿನಾರು ಗಂಟೆ ಮಾಡಿದ್ದೇವೆ ಮಾರಾಯ್ರೆ, ಸತ್ತಿದ್ದೇವಾ?" ಇಲ್ಲ, ಸತ್ತಿಲ್ಲ. ಬೈಪಾಸ್ ಆಗಿದೆ, ಅಷ್ಟೇ. ವಾರಕ್ಕೆ 55 ಗಂಟೆ ದಾಟಿದರೆ, 35-40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಜಾಸ್ತಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಹೇಳಿತ್ತು. ಅದು ವಿದೇಶದ ಪಾರ್ಶ್ವವಾಯು ಇರಬೇಕು. ನಮ್ಮದು ಒಪ್ಪಿಗೆ ಪತ್ರ ನೋಡಿ ವಾಪಸ್ ಹೋಗುತ್ತದೆ.

ಇನ್ನು ಲೋಕಲ್ ರೈಲಿನ ಹೊತ್ತು. ಅದು ಯಾರ ಲೆಕ್ಕಕ್ಕೂ ಇಲ್ಲ. ದೂರದ ಉಪನಗರ ಡೊಂಬಿವಲಿಯವನಿಗೆ ಮೂವರ ಬೆಂಚಿನ ತುದಿಯ ಫೋರ್ತ್ ಸೀಟಿನಲ್ಲಿ ಅರ್ಧ ತೊಡೆ ಊರಲು ಜಾಗ ಸಿಕ್ಕರೆ ಅದೇ ಪುಣ್ಯ. ಸಿಗದವನು ಬಾಗಿಲಲ್ಲಿ ನೇತಾಡುತ್ತಾನೆ. ಸುಮ್ನೆ ಮೋಜಿಗಲ್ಲ, ಲೇಟ್ ಮಾರ್ಕ್ ಬಿದ್ದರೆ ಸಂಬಳ ಕಟ್ ಆಗುತ್ತದೆ ಎಂಬ ಹೆದರಿಕೆಗೆ. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾ ತಿರುವಿನಲ್ಲಿ ಎದುರುಬದುರಾದ ಎರಡು ಲೋಕಲ್‌ಗಳ ಬಾಗಿಲಲ್ಲಿದ್ದ ಕೆಲವರು ಹಳಿ ಮೇಲೆ ಬಿದ್ದು ಸತ್ತರು. ಹೊಸ ರೈಲುಗಳಿಗೆ ತಾನಾಗಿ ಮುಚ್ಚುವ ಬಾಗಿಲು ಬರುತ್ತದೆ ಎಂದಿತು ರೈಲ್ವೆ. ಬರಲಿ. ಬಾಗಿಲು ಮುಚ್ಚಿದ ಮೇಲೆ ಪ್ಲಾಟ್‌ಫಾರ್ಮಿನಲ್ಲಿ ಉಳಿದವರು ಏನು ಮಾಡಬೇಕು? ಇದಾಗಿ ಮೂರು ತಿಂಗಳು ತುಂಬಿರಲಿಲ್ಲ, ಗಂಟೆ ಏರಿಸಲು ಕೂತರು. ನಾಚಿಕೆ ಆಗಲಿಲ್ವಾ ಇವರಿಗೆ? ರಾತ್ರಿ ಪಾಳಿ ಮುಗಿಸಿ ಕೊನೆ ಲೋಕಲ್‌ನಲ್ಲಿ ಕಂಬಕ್ಕೆ ಒರಗಿ ನಿಂತೇ ನಿದ್ದೆ ಮಾಡುವವರನ್ನು ಒಬ್ಬರೂ ಕಂಡಿಲ್ವಾ?

ಆಗಲಿ, ಒಪ್ಪಿಗೆಯೇ ಬೇಕೆಂದರೆ ಮಾಲೀಕರಿಂದಲೂ ಒಂದು ಬರೆಸಿಕೊಳ್ಳಿ. ಒಲ್ಲೆ ಎಂದವನನ್ನು ಕೆಲಸದಿಂದ ತೆಗೆಯುವುದಿಲ್ಲ, ಇನ್‌ಕ್ರಿಮೆಂಟ್ ತಪ್ಪಿಸುವುದಿಲ್ಲ ಅಂತ. ಅದಕ್ಕೆ ಸಹಿ ಹಾಕುವ ಮಾಲೀಕ ಸಿಕ್ಕರೆ ಕರೆದುಕೊಂಡು ಬನ್ನಿ, ಮಸಾಲೆ ದೋಸೆ ನನ್ನ ಲೆಕ್ಕದಲ್ಲಿ.