ಕುದುರೆಯ ತಲೆ ಬಿಗಿದು ಕಟ್ಟಿದರೆ ಭಯ ಹೋಗಲ್ಲ

ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಹೆದರುವ ಕುದುರೆಯನ್ನು ಗಾಡಿಯಲ್ಲಿ ಸಾಗಿಸುವಾಗ ತಲೆ ಎತ್ತರಕ್ಕೆ ಬಿಗಿದು ಕಟ್ಟಿ, ಮಂಪರು ಇಂಜೆಕ್ಷನ್ ಕೊಡಿ, ದಾರಿಯಲ್ಲಿ ನೀರು ಬೇಡ ಅಂತ. ಮೂರೂ ತಪ್ಪು, ಮೊದಲನೆಯದಂತೂ ಅಪಾಯ.

ಕುದುರೆ ತಲೆ ತಗ್ಗಿಸಿ ಕೆಮ್ಮಿದಾಗಲೇ ಶ್ವಾಸನಾಳದ ಕಫ, ದೂಳು ಹೊರಗೆ ಬರುವುದು. ಗಂಟೆಗಟ್ಟಲೆ ತಲೆ ಮೇಲೆಯೇ ಇದ್ದರೆ ಅಲ್ಲಿ ಬ್ಯಾಕ್ಟೀರಿಯಾ ಬೆಳೆದು ಶ್ವಾಸಕೋಶಕ್ಕೆ ಇಳಿಯುತ್ತದೆ, ದೂರದ ಪ್ರಯಾಣ ಮುಗಿಸಿದ ಕುದುರೆಗಳಿಗೆ ಜ್ವರ, ನ್ಯುಮೋನಿಯಾ ಬರುವುದಕ್ಕೆ ಇದು ದೊಡ್ಡ ಕಾರಣ. ಹಗ್ಗ ಸ್ವಲ್ಪ ಸಡಿಲ ಇರಲಿ, ಆದರೆ ಕಾಲಿಗೆ ಸಿಕ್ಕಿಕೊಳ್ಳುವಷ್ಟು ಅಲ್ಲ. ಗಾಡಿ ನಿಂತಾಗ ತಲೆ ಬಗ್ಗಿಸಲು ಬಿಡಿ.

ಇಂಜೆಕ್ಷನ್ ವಿಷಯ. ಓಡುವ ಗಾಡಿಯಲ್ಲಿ ಕುದುರೆ ನಾಲ್ಕು ಕಾಲಲ್ಲೂ ಸಮತೋಲ ಹುಡುಕುತ್ತಲೇ ಇರುತ್ತದೆ, ಮಂಪರಿದ್ದರೆ ಅದೇ ಕೈಕೊಡುತ್ತದೆ. ಅಸಿಪ್ರೊಮಜಿನ್ ಅನ್ನುವ ಮಂಪರು ಔಷಧಿ ರಕ್ತದೊತ್ತಡವನ್ನೂ ಇಳಿಸುತ್ತದೆ. ಕೆಲವು ಕುದುರೆಗಳಿಗೆ ಬೇಕಾಗಬಹುದು, ಆದರೆ ಅದು ಪಶುವೈದ್ಯರ ತೀರ್ಮಾನ, ಲಾಯದಲ್ಲಿ ಯಾರೋ ಸುಮ್ನೆ ಚುಚ್ಚುವುದಲ್ಲ. ಪ್ರಯಾಣಕ್ಕೆ ಮುಂಚೆ ವೈದ್ಯರ ಪ್ರಮಾಣಪತ್ರ ಬೇಕು ಅಂತ 1978ರ ಪ್ರಾಣಿ ಸಾಗಣೆ ನಿಯಮವೇ ಹೇಳುತ್ತದೆ, ಹೇಗೂ ಅವರನ್ನು ಕರೆಸಲೇಬೇಕು ಅಲ್ವಾ, ಆಗಲೇ ಕೇಳಿ.

ನೀರು ಮೂರ್ನಾಲ್ಕು ಗಂಟೆಗೊಮ್ಮೆ ಕೊಡಿ, ಇಲ್ಲದಿದ್ದರೆ ಕರುಳಲ್ಲಿ ಮೇವು ಕಟ್ಟಿಕೊಂಡು ಹೊಟ್ಟೆನೋವು ಬರಬಹುದು.

ನಿಜವಾಗಿ ಭಯ ಕಡಿಮೆ ಮಾಡುವುದು ಅಭ್ಯಾಸ. ವಾರಗಳ ಮುಂಚೆಯೇ ನಿಂತ ಗಾಡಿಗೆ ಹತ್ತಿಸಿ ಇಳಿಸಿ, ಒಳಗೆ ಹುಲ್ಲು ಇಡಿ, ಪರಿಚಯದ ಇನ್ನೊಂದು ಕುದುರೆ ಪಕ್ಕದಲ್ಲಿರಲಿ. ಡ್ರೈವರ್‌ಗೂ ಹೇಳಿ, ದಿಢೀರ್ ಬ್ರೇಕ್ ಬೇಡ.