ಭೀಮನ ಅಮಾವಾಸ್ಯೆ ದಿನ ಗಂಡ ಏನು ಹೇಳಬೇಕು?

ಆಷಾಢದ ಕೊನೇ ದಿನ ಹತ್ತಿರ ಬಂತು ಅಂದರೆ ಫೇಸ್‌ಬುಕ್‌ನಲ್ಲಿ ಜಗಳ ಶುರು. ಒಂದು ಕಡೆ ಗಂಡನ ಪಾದಪೂಜೆಯ ಫೋಟೊಗಳು. ಇನ್ನೊಂದು ಕಡೆ ‘ಈ ಕಾಲದಲ್ಲೂ ಕಾಲು ತೊಳೀಬೇಕಾ?’ ಅನ್ನುವ ಸಿಟ್ಟು. ಮಧ್ಯದಲ್ಲಿ ಗಂಡಂದಿರ ಮೇಲಿನ ಮೀಮ್‌ಗಳು. ಎರಡು ದಿನ ಕಿತ್ತಾಡಿ, ಶ್ರಾವಣ ಬಂದ ಮೇಲೆ ಎಲ್ಲರೂ ವರಮಹಾಲಕ್ಷ್ಮಿ ಹಬ್ಬದ ತಯಾರಿಗೆ ಇಳಿಯುತ್ತೇವೆ. ನನಗೆ ಭೀಮನ ಅಮಾವಾಸ್ಯೆ ತುಂಬಾ ಇಷ್ಟ. ಬಿಟ್ಟುಬಿಡಬೇಕು ಅಂತ ಒಂದು ಸಲವೂ ಅನಿಸಿಲ್ಲ. ಆದರೆ ಈ ಹಬ್ಬದಲ್ಲಿ ಆಗಬೇಕಾದ ಒಂದು ಕೆಲಸ ಬಾಕಿ ಇದೆ. ಅದನ್ನು ಹೇಳೋಣ ಅಂತಲೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಮ್ಮ ಬೆಂಗಳೂರಿನಲ್ಲಿ ಅರ್ಧ ಜನಕ್ಕೆ ಇಂಥ ಹಬ್ಬ ಇದೆ ಅಂತಲೇ ಗೊತ್ತಿಲ್ಲ. ಸರ್ಕಾರಿ ರಜೆ ಇಲ್ಲ. ಆಫೀಸಿನಲ್ಲಿ ಬೇರೆ ರಾಜ್ಯದವರಿಗೆ ಹೇಳಿದರೆ ‘ಓ, ಕರ್ವಾ ಚೌತ್ ಥರಾನಾ?’ ಅಂತ ಕೇಳುತ್ತಾರೆ. ಅಲ್ಲ. ಇದು ಆಷಾಢ ಮಾಸದ ಅಮಾವಾಸ್ಯೆ, ಜ್ಯೋತಿರ್ಭೀಮೇಶ್ವರ ವ್ರತದ ದಿನ. 2025ರಲ್ಲಿ ಜುಲೈ 24, ಗುರುವಾರ ಬಂದಿತ್ತು. 2026ರಲ್ಲಿ ಅಧಿಕ ಮಾಸ ಇರುವುದರಿಂದ ಆಗಸ್ಟ್ 12ಕ್ಕೆ, ಬುಧವಾರ. ಕರ್ನಾಟಕದಲ್ಲೇ ಎಲ್ಲ ಕಡೆ ಒಂದೇ ಥರ ಇಲ್ಲ. ಕರಾವಳಿಯಲ್ಲಿ ಆಟಿ ಅಮಾವಾಸ್ಯೆಗೆ ಬೆಳಗ್ಗೆಯೇ ಪಾಲೆ ಮರದ ತೊಗಟೆಯ ಕಷಾಯ ಕುಡಿಯುತ್ತಾರೆ. ಉತ್ತರ ಕರ್ನಾಟಕದವರಿಗೆ ಇದು ನಾಗರ ಅಮಾವಾಸ್ಯೆ. ಗಂಡ-ಹೆಂಡತಿಯ ಹಬ್ಬ ಅಂತ ಜೋರಾಗಿ ಮಾಡುವವರು ಜಾಸ್ತಿ ನಮ್ಮ ಹಳೇ ಮೈಸೂರು ಕಡೆಯವರು.

ಜೋಡಿ ದೀಪ ಇಟ್ಟು ಶಿವ ಪಾರ್ವತಿ ಅಂತ ಪೂಜೆ ಮಾಡುತ್ತಾರೆ. ಒಂಬತ್ತು ಗಂಟಿನ ಅರಿಶಿನದ ದಾರ ಕಟ್ಟಿಕೊಳ್ಳುತ್ತಾರೆ. ಆಮೇಲೆ ಗಂಡನ ಪಾದಕ್ಕೆ ಅರಿಶಿನ, ಕುಂಕುಮ, ಹೂವು. ಹೊಸದಾಗಿ ಮದುವೆಯಾದವರು ಸಾಮಾನ್ಯವಾಗಿ ಒಂಬತ್ತು ವರ್ಷ ಮಾಡುತ್ತಾರೆ. ಎಷ್ಟೋ ಜನ ಅಲ್ಲಿಗೆ ನಿಲ್ಲಿಸುವುದಿಲ್ಲ, ಮಾಡುತ್ತಲೇ ಇರುತ್ತಾರೆ.

ಇದರ ಹಿಂದಿನ ತಿಂಗಳನ್ನು ನೆನಪಿಸಿಕೊಂಡರೆ ಈ ದಿನ ಎಷ್ಟು ಚೆಂದ ಅನ್ನುವುದು ಗೊತ್ತಾಗುತ್ತದೆ. ಆಷಾಢ ಬಂದರೆ ಹೊಸ ಮದುಮಗಳನ್ನು ತವರಿಗೆ ಕಳಿಸುತ್ತಾರೆ. ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು ಅನ್ನುತ್ತಾರೆ. ಆಷಾಢದಲ್ಲಿ ಬಸಿರಾದರೆ ಹೆರಿಗೆ ಕಡು ಬೇಸಿಗೆಗೆ ಬರುತ್ತದೆ, ಅದಕ್ಕೇ ಈ ಪದ್ಧತಿ ಅಂತ ಹಿರಿಯರು ಹೇಳುತ್ತಾರೆ. ಕಾರಣ ಏನೇ ಇರಲಿ, ಆಗಷ್ಟೇ ಒಬ್ಬರನ್ನೊಬ್ಬರು ಅರ್ಥ ಮಾಡಿಕೊಳ್ಳಲು ಶುರು ಮಾಡಿದ ಇಬ್ಬರು ಒಂದು ತಿಂಗಳು ದೂರ ಇರಬೇಕು. ಈಗಲೂ ಬೆಂಗಳೂರಿನಲ್ಲಿ ಇದು ನಡೆಯುತ್ತದೆ. ಗಂಡ ರಾಜಾಜಿನಗರದಲ್ಲಿ, ಹೆಂಡತಿ ಜೆ.ಪಿ. ನಗರದ ತವರಿನಲ್ಲಿ. ಇಬ್ಬರೂ ಓಡಾಡುವುದು ಅದೇ ಹಸಿರು ಮಾರ್ಗದ ಮೆಟ್ರೊದಲ್ಲಿ. ಆಫೀಸ್ ಮುಗಿಸಿ ಯಾವುದೋ ದರ್ಶಿನಿಯಲ್ಲಿ ನಿಂತು, ಬೈಟು ಕಾಫಿ ಕುಡಿದು, ಮನೆಯಲ್ಲಿ ಯಾರಿಗೂ ಹೇಳದೆ ಅವರವರ ದಾರಿ ಹಿಡಿಯುತ್ತಾರೆ. ಮದುವೆಯಾದ ಮೇಲೂ ಕದ್ದುಮುಚ್ಚಿ ಭೇಟಿಯಾಗುವ ಆ ಖುಷಿ! ಅಮಾವಾಸ್ಯೆ ದಿನ ಅಳಿಯನನ್ನು ಮಾವನ ಮನೆಗೆ ಕರೆಯುತ್ತಾರೆ, ಬಟ್ಟೆ ಕೊಡುತ್ತಾರೆ, ಕಡುಬು ಬಡಿಸುತ್ತಾರೆ. ಮಾರನೇ ದಿನದಿಂದ ಶ್ರಾವಣ. ಹೆಂಡತಿ ಮನೆಗೆ ಬರುತ್ತಾಳೆ. ಫೆಬ್ರವರಿ 14ಕ್ಕೆ ಗುಲಾಬಿ ಕೊಡಿ, ಬೇಡ ಅನ್ನಲ್ಲ. ಆದರೆ ಒಂದು ತಿಂಗಳು ಕಾದು ಬರುವ ಪ್ರೀತಿಯ ಹಬ್ಬ ನಮ್ಮ ಪಂಚಾಂಗದಲ್ಲೇ ಇದೆ, ಅಲ್ವಾ?

ಈಗ ವ್ರತದ ಕಥೆಗೆ ಬರುತ್ತೇನೆ. ನನ್ನ ವಾದ ನಿಂತಿರುವುದೇ ಅದರ ಮೇಲೆ. ಒಂದೊಂದು ಮನೆಯಲ್ಲಿ ಒಂದೊಂದು ರೀತಿ ಹೇಳುತ್ತಾರೆ, ತಿರುಳು ಇಷ್ಟು: ರಾಜನ ಮಗ ಸಾಯುತ್ತಾನೆ. ಮದುವೆ ಇಲ್ಲದೆ ಹೋದನಲ್ಲ ಅನ್ನುವ ಕೊರಗು ರಾಜನಿಗೆ. ಹೆಣಕ್ಕೆ ಹೆಣ್ಣು ಕೊಟ್ಟವರಿಗೆ ಬೇಕಾದಷ್ಟು ಹಣ ಕೊಡುತ್ತೇನೆ ಅನ್ನುತ್ತಾನೆ. ಒಂದು ಬಡ ಮನೆಯವರು ದುಡ್ಡಿಗಾಗಿ ತಮ್ಮ ಹುಡುಗಿಯನ್ನು ಕೊಟ್ಟುಬಿಡುತ್ತಾರೆ. ತಾಳಿ ಕಟ್ಟಿಸಿ, ಹೆಣದ ಜೊತೆ ಅವಳನ್ನೂ ನದಿ ದಡಕ್ಕೆ ಕರೆತರುತ್ತಾರೆ. ಗಾಳಿ ಮಳೆ ಶುರುವಾಗುತ್ತದೆ. ಬಂದವರೆಲ್ಲ ಮನೆಗೆ ಓಡುತ್ತಾರೆ. ಹೆಣದ ಪಕ್ಕ ಅವಳೊಬ್ಬಳೇ. ಅಮಾವಾಸ್ಯೆ ದಿನ ತನ್ನ ತಾಯಿ ಮಾಡುತ್ತಿದ್ದ ಪೂಜೆ ಅವಳಿಗೆ ನೆನಪಾಗುತ್ತದೆ. ಎಣ್ಣೆ ಇಲ್ಲ, ಬತ್ತಿ ಇಲ್ಲ, ಹಿಟ್ಟಿಲ್ಲ. ನದಿಯ ಮಣ್ಣಿನಿಂದಲೇ ದೀಪ ಮಾಡುತ್ತಾಳೆ. ನಾರನ್ನು ಬತ್ತಿ ಮಾಡುತ್ತಾಳೆ. ಒಳಗೆ ನಾಣ್ಯ ಇಟ್ಟು ಮಾಡುವ ಕಡುಬಿಗೆ ಭಂಡಾರ ಅನ್ನುತ್ತಾರೆ, ಅದನ್ನೂ ಮಣ್ಣಿನಲ್ಲೇ ಮಾಡುತ್ತಾಳೆ. ಆಗ ಶಿವ ಪಾರ್ವತಿ ಗಂಡ-ಹೆಂಡತಿಯಾಗಿ ಆ ದಾರಿಯಲ್ಲಿ ಬಂದು, ಭಂಡಾರ ಒಡೆದು, ಹರಸುತ್ತಾರೆ. ಸತ್ತವನು ನಿದ್ದೆಯಿಂದ ಎದ್ದವನ ಥರ ಎದ್ದು ಕೂರುತ್ತಾನೆ.

ಈ ಕಥೆಯಲ್ಲಿ ಗಂಡ ಏನು ಮಾಡಿದ? ಏನೂ ಇಲ್ಲ, ಪಾಪ, ಅವನು ಸತ್ತಿದ್ದ. ಮಾಡಿದ್ದೆಲ್ಲ ಅವಳು. ಹೆತ್ತವರ ಕಡೆಯವರು ಮಾರಿದರು, ಅತ್ತೆಮನೆಯವರು ಬಿಟ್ಟು ಹೋದರು. ಅಂಥ ರಾತ್ರಿಯಲ್ಲಿ ಕೈಗೆ ಸಿಕ್ಕ ಮಣ್ಣು ಹಿಡಿದು ಕೂತಳು. ಇದು ಆ ಹುಡುಗಿಯ ಗಟ್ಟಿತನದ ಕಥೆ. ಚಿಕ್ಕಂದಿನಲ್ಲಿ ಅಜ್ಜಿ ಹೇಳುವಾಗ ನನಗೆ ರಾಜಕುಮಾರ ನೆನಪಲ್ಲಿ ಉಳಿಯುತ್ತಲೇ ಇರಲಿಲ್ಲ. ಹಾಗಾದರೆ ಎದ್ದು ಕೂತ ಗಂಡ ಮೊದಲು ಮಾಡಬೇಕಾದ ಕೆಲಸ ಯಾವುದು? ಅವಳ ಮುಖ ನೋಡಿ ‘ನಿನ್ನಿಂದ ಬದುಕಿದೆ’ ಅನ್ನುವುದು ತಾನೇ? ನಮ್ಮ ಪೂಜೆಯಲ್ಲಿ ಆ ಮಾತೇ ಇಲ್ಲ. ಹೆಂಡತಿ ನಮಸ್ಕಾರ ಮಾಡುತ್ತಾಳೆ, ಗಂಡ ಅಕ್ಷತೆ ಹಾಕುತ್ತಾನೆ, ಎದ್ದು ಹೋಗುತ್ತಾನೆ. ಬಾಕಿ ಇದೆ ಅಂತ ನಾನು ಹೇಳಿದ್ದು ಇದನ್ನೇ.

ಈ ಮಾತು ಎಷ್ಟು ದೊಡ್ಡದು ಅಂತ ನನಗೆ ಗೊತ್ತಾಗಿದ್ದು ತ್ಯಾಗರಾಜನಗರದ ನಮ್ಮ ಸೋದರತ್ತೆ ಮನೆಯಲ್ಲಿ. ಮಾವ ಕೆಲಸ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿಹೋಗಿತ್ತು. ಆಮೇಲೆ ಎಷ್ಟೋ ವರ್ಷ ಅತ್ತೆ ಸೀರೆಗೆ ಫಾಲ್ಸ್ ಹಾಕಿ, ಬ್ಲೌಸ್ ಹೊಲಿದು ಮನೆ ನಡೆಸಿದರು. ಮಕ್ಕಳ ಫೀಸೂ ಅದರಲ್ಲೇ. ಮಾವ ಮಾತು ಕಮ್ಮಿ. ಒಂದು ವರ್ಷ ಭೀಮನ ಅಮಾವಾಸ್ಯೆಗೆ ನಾವೆಲ್ಲ ಅಲ್ಲೇ ಇದ್ದೆವು. ಅತ್ತೆ ಪಾದಕ್ಕೆ ಹೂವಿಟ್ಟು ನಮಸ್ಕಾರ ಮಾಡಿ ಏಳುವಾಗ ಮಾವ ಹೇಳಿದರು: ‘ಫ್ಯಾಕ್ಟರಿ ಮುಚ್ಚಿದ ಮೇಲೆ ಈ ಮನೆ ನಡೆದಿದ್ದು ನಿನ್ನ ಮೆಷಿನ್‌ನಿಂದ ಕಣೇ. ಯಾರ ಹತ್ರಾನೂ ಹೇಳಿಲ್ಲ ನಾನು. ಇವತ್ತು ಎಲ್ಲರ ಮುಂದೆ ಹೇಳ್ತಿದ್ದೀನಿ.’ ಅತ್ತೆ ಕುಂಕುಮದ ಬಟ್ಟಲು ಹಿಡಿದು ಹಾಗೇ ನಿಂತುಬಿಟ್ಟರು. ಆಮೇಲೆ ‘ಮಕ್ಕಳಿಗೆ ಹಸಿವಾಗಿದೆ, ಏಳಿ’ ಅಂದು ಅಡುಗೆಮನೆಗೆ ಹೋದರು. ಸಂಜೆ ಫೋನಿನಲ್ಲಿ ತಂಗಿಗೆ ಅದನ್ನೇ ಹೇಳುತ್ತಿದ್ದರು: ‘ನಿಮ್ಮ ಭಾವ ಎಲ್ಲರ ಮುಂದೆ ಹೇಳಿದ್ರು ಕಣೇ.’

ಪದ್ಧತಿ ಬದಲಾಯಿಸಬಾರದು ಅನ್ನುವವರಿಗೆ ಒಂದು ಮಾತು. ಹಬ್ಬಗಳು ಬದಲಾಗುತ್ತಲೇ ಇರುತ್ತವೆ. ಅಮೆರಿಕದ ಒಹಾಯೊ, ಮಿಷಿಗನ್ ಕಡೆ ಅಕ್ಟೋಬರ್ ಮೂರನೇ ಶನಿವಾರ ಸ್ವೀಟೆಸ್ಟ್ ಡೇ ಅಂತ ಮಾಡುತ್ತಾರೆ. ಆ ದೇಶದಲ್ಲೇ ಬೇರೆ ಕಡೆಯ ಎಷ್ಟೋ ಜನಕ್ಕೆ ಅದು ಗೊತ್ತಿಲ್ಲ. 1921ರಲ್ಲಿ ಕ್ಲೀವ್‌ಲ್ಯಾಂಡ್ ಊರಿನ ಮಿಠಾಯಿ ವ್ಯಾಪಾರಿಗಳು ಪೇಪರ್ ಮಾರುವ ಹುಡುಗರಿಗೆ, ಅನಾಥ ಮಕ್ಕಳಿಗೆ, ವಯಸ್ಸಾದವರಿಗೆ, ಬಡವರಿಗೆ ಸುಮಾರು 20 ಸಾವಿರ ಡಬ್ಬಿ ಸಿಹಿ ಹಂಚಿದ್ದರಂತೆ. ವ್ಯಾಪಾರದ ಲೆಕ್ಕಾಚಾರವೂ ಇತ್ತು, ನಿಜ. ಈಗ ಅದು ಮುಖ್ಯವಾಗಿ ಪ್ರೇಮಿಗಳ, ಗಂಡ-ಹೆಂಡಿರ ದಿನ. ಅವರ ಹಬ್ಬ ಅಷ್ಟು ಬದಲಾಗಿದೆ. ನಮ್ಮ ಹಬ್ಬಕ್ಕೆ ನಾಲ್ಕು ಮಾತು ಸೇರಿದರೆ ಯಾವ ಶಾಸ್ತ್ರ ಕೆಡುತ್ತದೆ?

ಇನ್ನೊಂದು ವಿಷಯ ನನ್ನ ಮನಸ್ಸಿಗೆ ತುಂಬಾ ಹತ್ತಿರದ್ದು. ಗಂಡನನ್ನು ಕಳೆದುಕೊಂಡವರು ಅವತ್ತು ಬಾಗಿಲು ಹಾಕಿಕೊಂಡು ಕೂರುತ್ತಾರೆ. ನಮ್ಮ ಮೇಲಿನ ಮನೆ ಆಂಟಿ ಹಾಗೇ ಮಾಡುತ್ತಿದ್ದರು. ನನಗೆ ಇದು ಸಹಿಸಲು ಆಗುವುದಿಲ್ಲ. ದೀಪ ಶಿವ ಪಾರ್ವತಿಯದ್ದು, ಅದನ್ನು ಹಚ್ಚಲು ಯಾರ ಅಪ್ಪಣೆ ಬೇಕು? ಗಂಡ ಇಲ್ಲದ ಹೆಣ್ಣುಮಕ್ಕಳನ್ನು ಅವತ್ತು ಮನೆಗೆ ಕರೆಯಿರಿ. ಹೂವು ಕೊಡಿ, ಕುಂಕುಮ ಕೊಡಿ. ಮದುವೆಯಾಗದೆ ಪಿಜಿಯಲ್ಲಿ ಇರುವ ಹುಡುಗಿಯರನ್ನೂ ಕರೆಯಿರಿ. ಅಣ್ಣ ತಮ್ಮಂದಿರಿಗೂ ಈ ಹಬ್ಬದಲ್ಲಿ ಜಾಗ ಇದೆಯಲ್ಲ. ಕಡುಬಿನೊಳಗೆ ನಾಣ್ಯ ಇಟ್ಟು, ಹೊಸ್ತಿಲ ಮೇಲೆ ಇಟ್ಟರೆ, ಅವರು ಮೊಣಕೈಯಿಂದ ಗುದ್ದಿ ಭಂಡಾರ ಒಡೆಯಬೇಕು. ಹಿಟ್ಟು ಸಿಡಿದು, ನಾಣ್ಯ ಉರುಳಿ, ಮಕ್ಕಳೆಲ್ಲ ಅದರ ಹಿಂದೆ ಓಡುವಾಗ ಮನೆ ಎಷ್ಟು ಗಲಗಲ ಅನ್ನುತ್ತದೆ! ಈಗ ನಮ್ಮ ಮನೆಯಲ್ಲಿ ಮೊದಲ ಭಂಡಾರ ಒಡೆಯುವುದು ಆಂಟಿಯ ಮೊಮ್ಮಗ. ಆಂಟಿ ಅವನ ಪಕ್ಕದಲ್ಲೇ ನಿಂತಿರುತ್ತಾರೆ.

ಹಾಗಾಗಿ ಗಂಡಸರಲ್ಲಿ ನನ್ನ ಕೋರಿಕೆ. ಹಿಂದಿನ ದಿನ ಗಾಂಧಿ ಬಜಾರಿಗೋ ಮಲ್ಲೇಶ್ವರಕ್ಕೋ ನೀವೇ ಹೋಗಿ ಹೂವು ತನ್ನಿ. ಹಬ್ಬದ ದಿನ ಹೂವಿನ ರೇಟು ಕೇಳುವ ಹಾಗಿರಲ್ಲ. ಒಡವೆ, ಸೀರೆ ನಿಮ್ಮಿಷ್ಟ. ಪೂಜೆ ಮುಗಿದ ತಕ್ಷಣ ಫೋನ್ ತೆಗೆಯಬೇಡಿ. ಅವಳು ನಿಮಗಾಗಿ ಮಾಡಿದ ಒಂದೇ ಒಂದು ಕೆಲಸ ನೆನಪು ಮಾಡಿಕೊಳ್ಳಿ. ಸುಮ್ನೆ ‘ಥ್ಯಾಂಕ್ಸ್’ ಅಲ್ಲ, ಯಾವಾಗ ಏನು ಮಾಡಿದಳು ಅಂತ ಬಿಡಿಸಿ ಹೇಳಿ. ನಿಮ್ಮ ಅಮ್ಮನಿಗೂ, ಮಕ್ಕಳಿಗೂ ಕೇಳುವ ಹಾಗೆ ಹೇಳಿ.